ಕೆಳಸ್ತರದ ಕ್ಲಬ್‌ಗಳ ಆಯ್ಕೆ (ಫುಟ್‌ಬಾಲ್ ಮ್ಯಾನೇಜರ್)

ಕೆಳಸ್ತರದ ಕ್ಲಬ್‌ಗಳ ಆಯ್ಕೆ ಎಂಬುದು ಫುಟ್‌ಬಾಲ್ ಮ್ಯಾನೇಜರ್ ಸರಣಿಯ ಗಣಕಯಂತ್ರ ಆಟಗಳಲ್ಲಿ, ಪ್ರಸಿದ್ಧ ತಂಡಗಳನ್ನು ಬದಿಗಿರಿಸಿ, ಲೀಗ್ ಶ್ರೇಣಿಯ ತಳಭಾಗದಲ್ಲಿರುವ ಸಣ್ಣ ಕ್ಲಬ್ಬೊಂದರ ಮ್ಯಾನೇಜರ್ ಹುದ್ದೆಯನ್ನು ವಹಿಸಿಕೊಂಡು ಆಟವನ್ನು ಆರಂಭಿಸುವ ಕ್ರಮವಾಗಿದೆ. ಹಣ, ಆಟಗಾರರು, ಕ್ರೀಡಾಂಗಣ ಈ ಮೂರರಲ್ಲೂ ಕೊರತೆಯಿರುವ ಕ್ಲಬ್ಬನ್ನು ಹಲವು ಋತುಗಳ ಅವಧಿಯಲ್ಲಿ ಮೇಲಿನ ಸ್ತರಗಳಿಗೆ ಕೊಂಡೊಯ್ಯುವುದು ಇದರ ಗುರಿ. ಒಂದು ಋತುವನ್ನು ಆಡಿ ಮುಗಿಸಲು ಹತ್ತಾರು ಗಂಟೆಗಳು ಬೇಕಾಗುವುದರಿಂದ, ಆರಂಭದ ದಿನ ಮಾಡಿದ ಆಯ್ಕೆಯು ಮುಂದಿನ ಹಲವು ತಿಂಗಳ ಬಿಡುವಿನ ವೇಳೆಯನ್ನು ನಿರ್ಧರಿಸುತ್ತದೆ. ಆದುದರಿಂದ ಈ ಆಟವನ್ನು ಬಲ್ಲವರು ಆಯ್ಕೆಯನ್ನೇ ಆಟದ ಮೊದಲ ಭಾಗವೆಂದು ಪರಿಗಣಿಸುತ್ತಾರೆ.

ಕನ್ನಡದಲ್ಲಿ 'ಆಟಗಾರ' ಎಂಬ ಪದವು ಗಣಕಯಂತ್ರದ ಮುಂದೆ ಕುಳಿತವರಿಗೂ ಮೈದಾನದಲ್ಲಿ ಓಡುವವರಿಗೂ ಸಲ್ಲುವುದರಿಂದ ಗೊಂದಲಕ್ಕೆ ಎಡೆಯುಂಟು. ಈ ಲೇಖನದಲ್ಲಿ ಮೊದಲನೆಯವರನ್ನು 'ಆಡುವವರು' ಎಂದೂ ಎರಡನೆಯವರನ್ನು 'ಆಟಗಾರರು' ಎಂದೂ ಕರೆಯಲಾಗಿದೆ.

ಹಿನ್ನೆಲೆ

ತಳದಿಂದ ಆರಂಭಿಸುವ ಕಲ್ಪನೆ ಈ ಪ್ರಕಾರದ ಆಟಗಳಷ್ಟೇ ಹಳೆಯದು. 1982ರಲ್ಲಿ ಕೆವಿನ್ ಟಾಮ್ಸ್ ಅವರು ರೂಪಿಸಿ, ಅಡಿಕ್ಟಿವ್ ಗೇಮ್ಸ್ ಸಂಸ್ಥೆ ಹೊರತಂದ 'ಫುಟ್‌ಬಾಲ್ ಮ್ಯಾನೇಜರ್' ಎಂಬ ಆಟದಲ್ಲಿ, ಆಡುವವರು ಯಾವ ತಂಡವನ್ನೇ ಆರಿಸಿಕೊಂಡರೂ ಇಂಗ್ಲೆಂಡಿನ ನಾಲ್ಕನೆಯ ವಿಭಾಗದಿಂದಲೇ ತೊಡಗಿ ಮೊದಲನೆಯ ವಿಭಾಗಕ್ಕೆ ಏರಬೇಕಾಗಿತ್ತು. ಇಂದಿನ ಸರಣಿಗೂ ಆ ಆಟಕ್ಕೂ ಹೆಸರಿನ ಸಾಮ್ಯವಿದೆಯೇ ಹೊರತು ನೇರ ಸಂಬಂಧವಿಲ್ಲ.

ಇಂದಿನ ಸರಣಿಯ ಮೂಲ, ಪಾಲ್ ಕಾಲಿಯರ್ ಮತ್ತು ಆಲಿವರ್ ಕಾಲಿಯರ್ ಎಂಬ ಸಹೋದರರು ರಚಿಸಿ 1992ರಲ್ಲಿ ಪ್ರಕಟವಾದ 'ಚಾಂಪಿಯನ್‌ಶಿಪ್ ಮ್ಯಾನೇಜರ್'. 1994ರಲ್ಲಿ ಅವರು ಸ್ಪೋರ್ಟ್ಸ್ ಇಂಟರ್ಯಾಕ್ಟಿವ್ ಎಂಬ ಸಂಸ್ಥೆಯನ್ನು ಕಟ್ಟಿದರು. ಪ್ರಕಾಶಕರಾದ ಐಡೋಸ್ ಸಂಸ್ಥೆಯಿಂದ ಬೇರ್ಪಟ್ಟಾಗ ಹಳೆಯ ಹೆಸರು ಪ್ರಕಾಶಕರ ಪಾಲಾಯಿತು. ಕ್ರಮವಿಧಿ ಮತ್ತು ಆಟಗಾರರ ದತ್ತಾಂಶಗಳು ಸಹೋದರರ ಸಂಸ್ಥೆಯಲ್ಲಿ ಉಳಿದವು. 2004ರ ನವೆಂಬರಿನಲ್ಲಿ ಸೆಗಾ ಸಂಸ್ಥೆಯ ಮೂಲಕ 'ಫುಟ್‌ಬಾಲ್ ಮ್ಯಾನೇಜರ್ 2005' ಹೊರಬಂದಿತು. 2006ರಲ್ಲಿ ಸೆಗಾ ಸಂಸ್ಥೆಯು ಸ್ಪೋರ್ಟ್ಸ್ ಇಂಟರ್ಯಾಕ್ಟಿವ್ ಅನ್ನೇ ಕೊಂಡುಕೊಂಡಿತು. ಅಂದಿನಿಂದ ವರ್ಷಕ್ಕೊಂದರಂತೆ ಆವೃತ್ತಿಗಳು ಬರುತ್ತಿವೆ. 2025ರ ಹೆಸರಿನ ಆವೃತ್ತಿ ಮಾತ್ರ ರದ್ದಾಗಿ, ಅದೇ ವರ್ಷದ ನವೆಂಬರಿನಲ್ಲಿ 2026ರ ಆವೃತ್ತಿ ಬಿಡುಗಡೆಯಾಯಿತು.

ಇಂಗ್ಲೆಂಡಿನ ಲೀಗ್ ಶ್ರೇಣಿ

ಕೆಳಸ್ತರವೆಂದರೆ ಏನೆಂದು ತಿಳಿಯಲು ಇಂಗ್ಲೆಂಡಿನ ಲೀಗ್ ವ್ಯವಸ್ಥೆಯ ಪರಿಚಯ ಅಗತ್ಯ. ಐಪಿಎಲ್ ಕ್ರಿಕೆಟ್ಟನ್ನು ಮಾತ್ರ ನೋಡಿದವರಿಗೆ ಬಡ್ತಿ ಮತ್ತು ಹಿಂಬಡ್ತಿಯ ಕಲ್ಪನೆ ಅಪರಿಚಿತವೆನಿಸಬಹುದು. ರಣಜಿ ಟ್ರೋಫಿಯ ಎಲೀಟ್ ಮತ್ತು ಪ್ಲೇಟ್ ಗುಂಪುಗಳನ್ನೋ, ಬೆಂಗಳೂರಿನ ಫುಟ್‌ಬಾಲ್ ಲೀಗಿನ ಸೂಪರ್, 'ಎ', 'ಬಿ', 'ಸಿ' ಡಿವಿಷನ್‌ಗಳನ್ನೋ ಬಲ್ಲವರಿಗೆ ಅದು ಸುಲಭವಾಗಿ ಅರ್ಥವಾಗುತ್ತದೆ.

ಇಂಗ್ಲೆಂಡಿನಲ್ಲಿ 20 ಕ್ಲಬ್‌ಗಳ ಪ್ರೀಮಿಯರ್ ಲೀಗ್ ಮೊದಲನೆಯ ಸ್ತರ. ಅದರ ಕೆಳಗೆ ತಲಾ 24 ಕ್ಲಬ್‌ಗಳಿರುವ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ ಎಂಬ ಮೂರು ವಿಭಾಗಗಳಿವೆ. ಐದನೆಯ ಸ್ತರ ನ್ಯಾಷನಲ್ ಲೀಗ್. ಆರನೆಯದು ಅದರ ಉತ್ತರ ಮತ್ತು ದಕ್ಷಿಣ ಶಾಖೆಗಳು. ಐದನೆಯ ಸ್ತರದಿಂದ ಕೆಳಗಿರುವ ಕ್ಲಬ್‌ಗಳನ್ನು 'ನಾನ್-ಲೀಗ್' ಕ್ಲಬ್‌ಗಳೆಂದು ಕರೆಯುವ ರೂಢಿಯಿದೆ. ಅವು ಲೀಗ್‌ಗಳಲ್ಲಿಯೇ ಆಡುತ್ತಿದ್ದರೂ ಈ ಹೆಸರು ನಿಂತಿರುವುದು ವಿಚಿತ್ರ. 1888ರಲ್ಲಿ ಸ್ಥಾಪಿತವಾದ 'ಫುಟ್‌ಬಾಲ್ ಲೀಗ್' ಎಂಬ ಸಂಸ್ಥೆಗೆ ಸೇರದವು ಎಂಬುದಷ್ಟೇ ಅದರ ಅರ್ಥ.

ಆಟದ ಮೂಲ ದತ್ತಾಂಶದಲ್ಲಿ ಈ ಆರು ಸ್ತರಗಳ ಕ್ಲಬ್‌ಗಳನ್ನು ಆಯ್ದುಕೊಳ್ಳಬಹುದು. ಇನ್ನೂ ಕೆಳಗಿಳಿಯಬೇಕೆಂದರೆ ಆಟದೊಂದಿಗೆ ದೊರೆಯುವ ಸಂಪಾದನಾ ಉಪಕರಣದಿಂದ ಹವ್ಯಾಸಿಗಳು ಸಿದ್ಧಪಡಿಸಿದ ಕಡತಗಳನ್ನು ಸೇರಿಸಿಕೊಳ್ಳಬೇಕು. ಉದಾಹರಣೆಗೆ, 1857ರಲ್ಲಿ ಸ್ಥಾಪನೆಯಾಗಿ ಜಗತ್ತಿನ ಅತಿ ಹಳೆಯ ಫುಟ್‌ಬಾಲ್ ಕ್ಲಬ್ ಎನಿಸಿಕೊಂಡಿರುವ ಶೆಫೀಲ್ಡ್ ಎಫ್‌ಸಿ ಈ ಆರು ಸ್ತರಗಳಿಗಿಂತ ಕೆಳಗಿದೆ. ಅದನ್ನು ಮುನ್ನಡೆಸುವ ಆಸೆಯುಳ್ಳವರು ಇಂಥ ಕಡತಗಳನ್ನೇ ಆಶ್ರಯಿಸಬೇಕು.

ಆಯ್ಕೆಗೆ ಮುನ್ನ ಬಡ್ತಿಯ ಬಾಗಿಲು ಎಷ್ಟು ಅಗಲವಿದೆ ಎಂಬುದನ್ನು ನೋಡಬೇಕು. ಲೀಗ್ ಟೂನಿಂದ ಮೊದಲ ಮೂರು ಕ್ಲಬ್‌ಗಳು ನೇರವಾಗಿ ಮೇಲೇರುತ್ತವೆ. 4ರಿಂದ 7ನೆಯ ಸ್ಥಾನದವರೆಗಿನವು ಪ್ಲೇಆಫ್ ಆಡಿ, ಅವುಗಳಲ್ಲಿ ಒಂದು ಏರುತ್ತದೆ. ಅಲ್ಲಿಂದ ಕೆಳಗಿಳಿಯುವವು ಎರಡೇ. ಆದ್ದರಿಂದ ಲೀಗ್ ಟೂ ಆರಂಭಿಕರಿಗೆ ಬಹುಮಟ್ಟಿಗೆ ಸುರಕ್ಷಿತ ತಾಣ. ನ್ಯಾಷನಲ್ ಲೀಗ್ ಹಾಗಲ್ಲ. ಅಲ್ಲಿ ಅಗ್ರಸ್ಥಾನ ಪಡೆದ ಒಂದೇ ಕ್ಲಬ್ ನೇರ ಬಡ್ತಿ ಪಡೆಯುತ್ತದೆ. 2ರಿಂದ 7ನೆಯ ಸ್ಥಾನದ ಆರು ಕ್ಲಬ್‌ಗಳು ಉಳಿದ ಒಂದು ಸ್ಥಾನಕ್ಕಾಗಿ ಪ್ಲೇಆಫ್‌ನಲ್ಲಿ ಸೆಣಸುತ್ತವೆ. ಇದರ ಕಾಠಿಣ್ಯಕ್ಕೆ 2022-23ರ ಋತುವೇ ಸಾಕ್ಷಿ. ರೆಕ್ಸಮ್ 111 ಅಂಕಗಳೊಂದಿಗೆ ಅಗ್ರಸ್ಥಾನ ಪಡೆಯಿತು. ನಾಟ್ಸ್ ಕೌಂಟಿ 107 ಅಂಕ ಗಳಿಸಿಯೂ ಎರಡನೆಯದಾಗಿ ಪ್ಲೇಆಫ್‌ಗೆ ಇಳಿಯಬೇಕಾಯಿತು. ಆ ಕ್ಲಬ್ ಕೊನೆಗೂ ಗೆದ್ದು ಮೇಲೇರಿತು ಎಂಬುದು ಸಮಾಧಾನದ ವಿಷಯ. ಆದರೆ ಗಣಕಯಂತ್ರದ ಮುಂದೆ ಇಂಥ ಋತುವನ್ನು ಆಡಿ ಪ್ಲೇಆಫ್‌ನಲ್ಲಿ ಸೋತವರಿಗೆ ಮತ್ತೊಂದು ವರ್ಷ ಅದೇ ಸ್ತರದಲ್ಲಿ ಕಾಯದೆ ಬೇರೆ ದಾರಿಯಿಲ್ಲ.

ಹಣಕಾಸು

ಕೆಳಸ್ತರದಲ್ಲಿ ಕ್ಲಬ್ಬನ್ನು ಆರಿಸುವಾಗ ಆಟಗಾರರ ಪಟ್ಟಿಗಿಂತ ಮೊದಲು ತೆರೆದು ನೋಡಬೇಕಾದದ್ದು ಲೆಕ್ಕಪತ್ರದ ಪುಟ. ಅಲ್ಲಿ ಮೂರು ಸಂಗತಿಗಳಿರುತ್ತವೆ: ಬ್ಯಾಂಕಿನಲ್ಲಿರುವ ಮೊತ್ತ, ವಾರದ ಸಂಬಳಕ್ಕೆ ಮೀಸಲಾದ ಹಣ ಮತ್ತು ತೀರಿಸಬೇಕಾದ ಸಾಲ. ವರ್ಗಾವಣೆಗೆ ಮೀಸಲಿಟ್ಟ ಹಣ ಈ ಸ್ತರದಲ್ಲಿ ಸಾಮಾನ್ಯವಾಗಿ ಸೊನ್ನೆ. ಹೊಸಬರು ಅದನ್ನು ಕಂಡು ಎದೆಗುಂದುವುದುಂಟು. ಅನುಭವಿಗಳು ಅದರತ್ತ ನೋಡುವುದೂ ಇಲ್ಲ. ಕೆಳಸ್ತರದಲ್ಲಿ ಆಟಗಾರರನ್ನು ಕೊಳ್ಳುವ ರೂಢಿಯೇ ವಿರಳ. ಗುತ್ತಿಗೆ ಮುಗಿದು ಖಾಲಿ ಕುಳಿತವರನ್ನು ಕರೆತರುವುದೇ ಅಲ್ಲಿನ ವ್ಯಾಪಾರ. ಆದ್ದರಿಂದ ಸಂಬಳದ ಮೀಸಲು ಮೊತ್ತವೇ ಕ್ಲಬ್ಬಿನ ನಿಜವಾದ ಶಕ್ತಿಯನ್ನು ಸೂಚಿಸುತ್ತದೆ. ಸಂಬಳದ ಹಣದಲ್ಲಿ ಎಷ್ಟು ಭಾಗ ಈಗಾಗಲೇ ಖರ್ಚಾಗುತ್ತಿದೆ, ಆ ಗುತ್ತಿಗೆಗಳು ಯಾವಾಗ ಮುಗಿಯುತ್ತವೆ ಎಂಬುದನ್ನೂ ಜೊತೆಗೆ ನೋಡಬೇಕು. ಸಂಬಳದ ಮಿತಿಯನ್ನು ಮೀರಿದ ಕ್ಲಬ್ಬನ್ನು ವಹಿಸಿಕೊಂಡವರು ಮೊದಲ ಋತುವಿನಲ್ಲಿ ಯಾರನ್ನೂ ಸೇರಿಸಿಕೊಳ್ಳಲಾಗದೆ ಕೈಕಟ್ಟಿ ಕೂರಬೇಕಾಗುತ್ತದೆ.

ಆದಾಯದ ಮುಖ್ಯ ಮೂಲ ಸ್ವಂತ ಮೈದಾನದಲ್ಲಿ ಮಾರಾಟವಾಗುವ ಟಿಕೆಟ್. ದೂರದರ್ಶನದ ಹಣ ಮೇಲಿನ ಸ್ತರಗಳಲ್ಲಿ ಹೊಳೆಯಾಗಿ ಹರಿದರೆ ಇಲ್ಲಿ ಹನಿಯಾಗಿ ತೊಟ್ಟಿಕ್ಕುತ್ತದೆ. ಹೀಗಾಗಿ ಒಂದೇ ಲೀಗಿನ ಎರಡು ಕ್ಲಬ್‌ಗಳ ನಡುವೆ ಪ್ರೇಕ್ಷಕರ ಸಂಖ್ಯೆಯ ಅಂತರವೇ ಬಡವ-ಬಲ್ಲಿದರ ಅಂತರವಾಗುತ್ತದೆ. ಹಿಂದೆ ಮೇಲಿನ ಸ್ತರಗಳಲ್ಲಿದ್ದು ಜಾರಿ ಬಿದ್ದ ಕ್ಲಬ್‌ಗಳಿಗೆ ದೊಡ್ಡ ಮೈದಾನವೂ ನಿಷ್ಠಾವಂತ ಅಭಿಮಾನಿಗಳೂ ಇರುತ್ತಾರೆ. 1862ರಲ್ಲಿ ಸ್ಥಾಪಿತವಾದ ನಾಟ್ಸ್ ಕೌಂಟಿ 2019ರಲ್ಲಿ ನ್ಯಾಷನಲ್ ಲೀಗಿಗೆ ಜಾರಿದಾಗ ಅದು ಆಡುವವರಿಗೆ ಪ್ರಿಯವಾದ ಆಯ್ಕೆಯಾಗಲು ಕಾರಣ ಇದೇ.

ಎರಡನೆಯ ಮೂಲ ಎಫ್‌ಎ ಕಪ್ ಪಂದ್ಯಾವಳಿ. ಆರನೆಯ ಸ್ತರದ ಕ್ಲಬ್‌ಗಳು ಎರಡನೆಯ ಅರ್ಹತಾ ಸುತ್ತಿನಿಂದಲೂ ಐದನೆಯ ಸ್ತರದವು ನಾಲ್ಕನೆಯ ಅರ್ಹತಾ ಸುತ್ತಿನಿಂದಲೂ ಇದರಲ್ಲಿ ಸೇರುತ್ತವೆ. ಪ್ರೀಮಿಯರ್ ಲೀಗಿನ ಕ್ಲಬ್‌ಗಳು ಮೂರನೆಯ ಸುತ್ತಿನಲ್ಲಿ ಬರುತ್ತವೆ. ಟಿಕೆಟ್ ಆದಾಯವನ್ನು ಎರಡೂ ಕ್ಲಬ್‌ಗಳು ಹಂಚಿಕೊಳ್ಳುವ ಪದ್ಧತಿ ಇರುವುದರಿಂದ ದೊಡ್ಡ ಕ್ಲಬ್ಬಿನ ಮೈದಾನದಲ್ಲಿ ಆಡಿದ ಒಂದೇ ಪಂದ್ಯ ಸಣ್ಣ ಕ್ಲಬ್ಬಿನ ಋತುವನ್ನೇ ಬದಲಿಸಬಲ್ಲದು. ಇದು ಆಟದ ಕಲ್ಪನೆಯಲ್ಲ. 2005ರ ಜನವರಿಯಲ್ಲಿ ಐದನೆಯ ಸ್ತರದಲ್ಲಿದ್ದ ಎಕ್ಸೆಟರ್ ಸಿಟಿ, ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ 0-0 ಸಮ ಸಾಧಿಸಿತು. ಮರುಪಂದ್ಯದಲ್ಲಿ 0-2ರಿಂದ ಸೋತರೂ ಆ ಎರಡು ಪಂದ್ಯಗಳ ಹಣದಿಂದ ಸಾಲದ ಹೊರೆ ಇಳಿಯಿತು. ಆ ಕ್ಲಬ್ ಅಭಿಮಾನಿಗಳ ಒಡೆತನದಲ್ಲಿರುವುದು ಗಮನಾರ್ಹ. 2024-25ರಿಂದ ಪ್ರಧಾನ ಸುತ್ತುಗಳಲ್ಲಿ ಮರುಪಂದ್ಯಗಳನ್ನು ಕೈಬಿಡಲಾಗಿದೆ. ಸಣ್ಣ ಕ್ಲಬ್‌ಗಳು ಇದನ್ನು ವಿರೋಧಿಸಿದ್ದು ಸಕಾರಣವಾಗಿಯೇ ಇತ್ತು.

ಸಾಲದ ಪರಿಣಾಮವನ್ನು ಆಟವು ಮುಚ್ಚಿಡುವುದಿಲ್ಲ. ದಿವಾಳಿಯಂಚಿಗೆ ಬಂದು ಆಡಳಿತಾಧಿಕಾರಿಯ ಕೈಸೇರಿದ ಕ್ಲಬ್ಬಿಗೆ ಅಂಕಗಳ ಕಡಿತವಾಗುತ್ತದೆ, ಆಟಗಾರರು ಸಿಕ್ಕ ಬೆಲೆಗೆ ಹೋಗುತ್ತಾರೆ. ವಾಸ್ತವದಲ್ಲಿ ಲೂಟನ್ ಟೌನ್ 2008-09ರ ಋತುವನ್ನು ಲೀಗ್ ಟೂನಲ್ಲಿ 30 ಅಂಕಗಳ ಕೊರತೆಯೊಂದಿಗೆ ಆರಂಭಿಸಿ ಕೆಳಗಿಳಿಯಿತು. ಐದು ಋತುಗಳನ್ನು ಐದನೆಯ ಸ್ತರದಲ್ಲಿ ಕಳೆದು 2014ರಲ್ಲಿ ಮರಳಿತು. 2023ರಲ್ಲಿ ಪ್ರೀಮಿಯರ್ ಲೀಗ್ ತಲುಪಿತು. 1900 ಮತ್ತು 1903ರಲ್ಲಿ ಎಫ್‌ಎ ಕಪ್ ಗೆದ್ದಿದ್ದ ಬರಿ ಕ್ಲಬ್ಬಿಗೆ ಅಂಥ ಭಾಗ್ಯ ಇರಲಿಲ್ಲ. 2019ರ ಆಗಸ್ಟಿನಲ್ಲಿ ಅದನ್ನು ಲೀಗಿನಿಂದ ಹೊರಹಾಕಲಾಯಿತು. ಗಣಕಯಂತ್ರದಲ್ಲಿ ಉಳಿಸಿಟ್ಟ ಆಟವನ್ನು ಹಿಂದಕ್ಕೆ ಸರಿಸಬಹುದು. ಬರಿ ಪಟ್ಟಣದವರಿಗೆ ಆ ಸೌಲಭ್ಯ ಇರಲಿಲ್ಲ.

ಒಡೆತನ

ಕ್ಲಬ್ಬಿನ ಒಡೆಯ ಯಾರೆಂಬುದು ಲೆಕ್ಕಪತ್ರದಷ್ಟೇ ಮುಖ್ಯ. ಅಭಿಮಾನಿಗಳ ಒಡೆತನದ ಕ್ಲಬ್‌ನಲ್ಲಿ ಖರ್ಚಿಗೆ ಬಿಗಿಯಿರುತ್ತದೆ. ಆದರೆ ಇದ್ದಕ್ಕಿದ್ದಂತೆ ಕೈಬಿಡುವ ಭಯವಿರುವುದಿಲ್ಲ. ಧನಿಕನೊಬ್ಬನ ಕೈಯಲ್ಲಿರುವ ಕ್ಲಬ್ ಬೇಗ ಏರುತ್ತದೆ. ಆತ ಹಿಂದೆ ಸರಿದರೆ ಅಷ್ಟೇ ಬೇಗ ಕುಸಿಯುತ್ತದೆ. ಸ್ಕಾಟ್ಲೆಂಡಿನ ಗ್ರೆಟ್ನಾ ಕ್ಲಬ್ ಇದಕ್ಕೆ ಪ್ರಸಿದ್ಧ ದೃಷ್ಟಾಂತ. ಮೂರು ಸಾವಿರಕ್ಕಿಂತ ಕಡಿಮೆ ಜನಸಂಖ್ಯೆಯ ಆ ಊರಿನ ಕ್ಲಬ್ 2002ರಲ್ಲಿ ಸ್ಕಾಟಿಷ್ ಲೀಗಿಗೆ ಸೇರಿ, ಬ್ರೂಕ್ಸ್ ಮೈಲ್ಸನ್ ಎಂಬ ಉದ್ಯಮಿಯ ನೆರವಿನಿಂದ 2005, 2006, 2007ರಲ್ಲಿ ಸತತ ಮೂರು ಬಡ್ತಿ ಪಡೆಯಿತು. 2006ರ ಸ್ಕಾಟಿಷ್ ಕಪ್ ಅಂತಿಮ ಪಂದ್ಯದಲ್ಲಿ ಹಾರ್ಟ್ಸ್ ತಂಡಕ್ಕೆ ಪೆನಾಲ್ಟಿಗಳಲ್ಲಷ್ಟೇ ಸೋತಿತು. ಅತ್ಯುನ್ನತ ಸ್ತರಕ್ಕೆ ಸ್ವಂತ ಮೈದಾನ ಸಾಲದೆ ಮದರ್‌ವೆಲ್‌ನಲ್ಲಿ ಆಡಿತು. ಮೈಲ್ಸನ್ ಅವರ ಆರೋಗ್ಯ ಕೆಟ್ಟು ಹಣದ ಹರಿವು ನಿಂತೊಡನೆ 2008ರಲ್ಲಿ ಕ್ಲಬ್ಬೇ ಇಲ್ಲವಾಯಿತು.

ರೆಕ್ಸಮ್ ಈ ದೃಷ್ಟಿಯಿಂದ ಪ್ರತ್ಯೇಕ ಉಲ್ಲೇಖಕ್ಕೆ ಅರ್ಹ. ವೇಲ್ಸ್‌ನಲ್ಲಿದ್ದರೂ ಇಂಗ್ಲೆಂಡಿನ ಲೀಗಿನಲ್ಲಿ ಆಡುವ ಈ ಕ್ಲಬ್ 2008ರಲ್ಲಿ ಐದನೆಯ ಸ್ತರಕ್ಕೆ ಜಾರಿ 15 ಋತುಗಳನ್ನು ಅಲ್ಲಿಯೇ ಕಳೆಯಿತು. 2021ರಲ್ಲಿ ನಟರಾದ ರಯನ್ ರೆನಾಲ್ಡ್ಸ್ ಮತ್ತು ರಾಬ್ ಮೆಕ್‌ಎಲ್ಹೆನಿ ಇದನ್ನು ಕೊಂಡುಕೊಂಡರು. 2023, 2024, 2025ರಲ್ಲಿ ಸತತ ಬಡ್ತಿ ದೊರೆಯಿತು. ಹಳೆಯ ಆವೃತ್ತಿಗಳಲ್ಲಿ ರೆಕ್ಸಮ್ ಅನ್ನು ಮೇಲೆತ್ತುವುದು ಒಂದು ಸಾಹಸವಾಗಿತ್ತು. ಈ ಖರೀದಿಯ ನಂತರದ ಆವೃತ್ತಿಗಳಲ್ಲಿ ಅದೇ ಕ್ಲಬ್ಬನ್ನು ಆರಿಸಿದವರಿಗೆ ಹಣದ ಚಿಂತೆ ಕಡಿಮೆ, ಸಾಹಸದ ಸ್ವಾದವೂ ಕಡಿಮೆ. ಕ್ಲಬ್ಬಿನ ಹೆಸರನ್ನು ಮಾತ್ರ ನೋಡಿ ಆರಿಸದೆ ಯಾವ ವರ್ಷದ ಆವೃತ್ತಿ ಎಂಬುದನ್ನೂ ಗಮನಿಸಬೇಕೆಂಬುದಕ್ಕೆ ಇದು ನಿದರ್ಶನ.

ಮೈದಾನ

ಕ್ರೀಡಾಂಗಣ ಕ್ಲಬ್ಬಿನ ಸ್ವಂತದ್ದೇ ಬಾಡಿಗೆಯದೇ, ಎಷ್ಟು ಜನ ಹಿಡಿಸುತ್ತದೆ, ಹುಲ್ಲುಹಾಸು ಸಹಜವೇ ಕೃತಕವೇ ಎಂಬ ವಿವರಗಳನ್ನು ಆಟ ಒದಗಿಸುತ್ತದೆ. ಮೇಲಿನ ಸ್ತರಗಳಲ್ಲಿ ಕ್ರೀಡಾಂಗಣಕ್ಕೆ ಕನಿಷ್ಠ ಮಾನದಂಡಗಳಿರುವುದರಿಂದ ತೀರ ಸಣ್ಣ ಮೈದಾನದ ಕ್ಲಬ್ ಮುಂದೆ ಅಡಚಣೆಗೆ ಸಿಲುಕುತ್ತದೆ. 1994ರಲ್ಲಿ ಕಿಡರ್‌ಮಿನ್‌ಸ್ಟರ್ ಹ್ಯಾರಿಯರ್ಸ್, 1995ರಲ್ಲಿ ಮ್ಯಾಕಲ್ಸ್‌ಫೀಲ್ಡ್ ಟೌನ್, 1996ರಲ್ಲಿ ಸ್ಟೀವನೇಜ್ ಬರೋ, ಹೀಗೆ ಮೂರು ವರ್ಷ ಸಾಲಾಗಿ ಐದನೆಯ ಸ್ತರದ ಅಗ್ರಸ್ಥಾನಿಗಳಿಗೆ ಮೈದಾನದ ಕಾರಣದಿಂದ ಬಡ್ತಿ ನಿರಾಕರಿಸಲಾಗಿತ್ತು. ಸಟನ್ ಯುನೈಟೆಡ್ ಕ್ಲಬ್ಬಿನ ಕಥೆ ಇನ್ನೊಂದು ಬಗೆಯದು. ಕೃತಕ ಹುಲ್ಲುಹಾಸನ್ನು ಊರಿನವರಿಗೆ ಬಾಡಿಗೆಗೆ ಕೊಟ್ಟು ಆದಾಯ ಗಳಿಸುತ್ತಿದ್ದ ಈ ಕ್ಲಬ್ 2021ರಲ್ಲಿ ಮೊದಲ ಬಾರಿಗೆ ಲೀಗ್ ಟೂ ತಲುಪಿದಾಗ, ಅಲ್ಲಿನ ನಿಯಮದಂತೆ ಆ ಹಾಸನ್ನು ಕಿತ್ತು ಸಹಜ ಹುಲ್ಲನ್ನು ಬೆಳೆಸಬೇಕಾಯಿತು.

ಆಟಗಾರರು ಮತ್ತು ಗುತ್ತಿಗೆಗಳು

ಆಟದಲ್ಲಿ ಪ್ರತಿ ಆಟಗಾರನ ಕೌಶಲಗಳನ್ನು 1ರಿಂದ 20ರವರೆಗಿನ ಅಂಕಗಳಲ್ಲಿ ಸೂಚಿಸಲಾಗುತ್ತದೆ. ಇವುಗಳ ಹಿಂದೆ, ತೆರೆಯ ಮೇಲೆ ಕಾಣದಂತೆ, 200ರ ಮಾಪನದಲ್ಲಿ ಸದ್ಯದ ಸಾಮರ್ಥ್ಯ ಮತ್ತು ಮುಂದೆ ತಲುಪಬಹುದಾದ ಸಾಮರ್ಥ್ಯ ಎಂಬ ಎರಡು ಸಂಖ್ಯೆಗಳಿವೆ. ಕೆಳಸ್ತರದ ಆಟಗಾರನ ಪುಟ ತೆರೆದರೆ ಹೆಚ್ಚಿನವು ಒಂದಂಕಿಯ ಸಂಖ್ಯೆಗಳೇ. ಎಲ್ಲದರಲ್ಲೂ ನಿಪುಣನಾದವನನ್ನು ಹುಡುಕುವುದು ಅಲ್ಲಿ ವ್ಯರ್ಥ. ಒಂದೆರಡು ಗುಣಗಳಲ್ಲಿ ಆ ಸ್ತರವನ್ನು ಮೀರಿದವನನ್ನು ಹುಡುಕಿ, ಆತನ ದೋಷಗಳು ಬಯಲಾಗದ ಜಾಗದಲ್ಲಿ ನಿಲ್ಲಿಸುವುದೇ ಜಾಣತನ. ಓಟದ ವೇಗ, ಚುರುಕು, ದೇಹಬಲಗಳಿಗೆ ಕೆಳಸ್ತರದಲ್ಲಿ ಹೆಚ್ಚು ಬೆಲೆಯೆಂಬುದು ಆಡುವವರಲ್ಲಿ ವ್ಯಾಪಕವಾಗಿರುವ ಅಭಿಪ್ರಾಯ. ಚೆಂಡನ್ನು ಕಾಲಿನಲ್ಲೇ ಇಟ್ಟುಕೊಂಡು ಸಣ್ಣ ಸಣ್ಣ ಪಾಸುಗಳಿಂದ ಮುನ್ನಡೆಯುವ ಶೈಲಿಯನ್ನು ಇಲ್ಲಿ ಮೊದಲ ದಿನವೇ ಹೇರುವವರು ಬೇಗ ಕೆಲಸ ಕಳೆದುಕೊಳ್ಳುತ್ತಾರೆ. ತಂಡದಲ್ಲಿ ಯಾರಿದ್ದಾರೆಂದು ನೋಡಿ ತಂತ್ರವನ್ನು ರೂಪಿಸಬೇಕು.

ಕ್ಲಬ್ ಪೂರ್ಣಕಾಲಿಕವೇ ಅರೆವೃತ್ತಿಪರವೇ ಎಂಬುದು ಆಯ್ಕೆಯಲ್ಲಿ ನಿರ್ಣಾಯಕ ಅಂಶ. ಅರೆವೃತ್ತಿಪರ ಕ್ಲಬ್ಬಿನ ಆಟಗಾರರು ಹಗಲು ಬೇರೆ ಕೆಲಸ ಮಾಡಿ ವಾರದಲ್ಲಿ ಎರಡು-ಮೂರು ಬಾರಿ ಮಾತ್ರ ತರಬೇತಿಗೆ ಬರುತ್ತಾರೆ. ಸಂಬಳ ವಾರಕ್ಕೆ ಕೆಲವು ನೂರು ಪೌಂಡ್‌ಗಳಷ್ಟೇ. ತರಬೇತಿ ಕಡಿಮೆಯಾದ್ದರಿಂದ ಬೆಳವಣಿಗೆಯೂ ನಿಧಾನ, ಋತುವಿನ ಕೊನೆಯಲ್ಲಿ ದಣಿವೂ ಹೆಚ್ಚು. ಗುತ್ತಿಗೆಯಿಲ್ಲದೆ ಪಂದ್ಯಕ್ಕಿಷ್ಟು ಎಂಬಂತೆ ಆಡುವವರೂ ಇರುತ್ತಾರೆ. ಅವರನ್ನು ಬೇರೆ ಕ್ಲಬ್ ಯಾವಾಗ ಬೇಕಾದರೂ ಹಣ ಕೊಡದೆ ಕರೆದೊಯ್ಯಬಹುದು. ಹತ್ತು ಗೋಲು ಹೊಡೆದ ಯುವಕ ಜನವರಿಯ ಬೆಳಗ್ಗೆ ಪ್ರತಿಸ್ಪರ್ಧಿ ಕ್ಲಬ್ಬಿನ ಪಟ್ಟಿಯಲ್ಲಿ ಕಾಣಿಸಿಕೊಳ್ಳುವ ಅನುಭವ ಈ ಸ್ತರದಲ್ಲಿ ಸಾಮಾನ್ಯ. ಒಳ್ಳೆಯವನೆಂದು ಕಂಡವನಿಗೆ ಕೂಡಲೇ ಗುತ್ತಿಗೆ ಕೊಡಬೇಕು. ಕೊಟ್ಟರೆ ಸಂಬಳದ ಮಿತಿ ಅಡ್ಡಬರುತ್ತದೆ. ಈ ಇಕ್ಕಟ್ಟೇ ಕೆಳಸ್ತರದ ಆಟದ ತಿರುಳು.

ಎರವಲು ಪಡೆಯುವುದು ಮತ್ತೊಂದು ಮಾರ್ಗ. ಮೇಲಿನ ಕ್ಲಬ್‌ಗಳು ತಮ್ಮ ಕಿರಿಯ ಆಟಗಾರರನ್ನು ಅನುಭವಕ್ಕಾಗಿ ಕಳುಹಿಸುತ್ತವೆ, ಕೆಲವೊಮ್ಮೆ ಸಂಬಳವನ್ನೂ ತಾವೇ ಭರಿಸುತ್ತವೆ. ದೊಡ್ಡ ಕ್ಲಬ್ಬೊಂದರೊಡನೆ ಮೊದಲೇ ಒಪ್ಪಂದವಿರುವ ಸಣ್ಣ ಕ್ಲಬ್ಬನ್ನು ಆರಿಸಿದರೆ ಇದು ಸಲೀಸು. ಆದರೆ ಪಂದ್ಯಕ್ಕೆ ಇಳಿಸಬಹುದಾದ ಎರವಲು ಆಟಗಾರರ ಸಂಖ್ಯೆಗೆ ಮಿತಿಯಿದೆ. ಎರವಲಿನವರಿಂದಲೇ ಬಡ್ತಿ ಪಡೆದ ಕ್ಲಬ್ಬಿಗೆ ಬೇಸಿಗೆಯಲ್ಲಿ ಅವರೆಲ್ಲ ಮರಳಿದ ಮೇಲೆ ಉಳಿಯುವುದು ಖಾಲಿ ಪಟ್ಟಿ ಮತ್ತು ಕಠಿಣತರ ಲೀಗ್. ವಿದೇಶಿ ಆಟಗಾರರನ್ನು ನೆಚ್ಚುವಂತಿಲ್ಲ. ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬಂದ ಮೇಲೆ, 2021ರಿಂದ, ಯುರೋಪಿನವರಿಗೂ ಅಂಗಳಕ್ಕಿಳಿಯಲು ಅನುಮತಿಪತ್ರ ಬೇಕು. ಐರ್ಲೆಂಡ್ ಗಣರಾಜ್ಯದ ಪ್ರಜೆಗಳು ಮಾತ್ರ ಇದಕ್ಕೆ ಹೊರತು. ಆದ್ದರಿಂದ ಕೆಳಸ್ತರದ ಮ್ಯಾನೇಜರರು ಐರಿಷ್ ಲೀಗಿನ ಮೇಲೆ ಸದಾ ಒಂದು ಕಣ್ಣಿಟ್ಟಿರುತ್ತಾರೆ.

ತಾಂತ್ರಿಕವಾದ ಒಂದು ಸೂಚನೆ ಇಲ್ಲಿ ಅಪ್ರಸ್ತುತವಾಗದು. ಆಟ ಆರಂಭಿಸುವಾಗ ದತ್ತಾಂಶದ ಗಾತ್ರವನ್ನು ಸಣ್ಣದಾಗಿ ಇಟ್ಟರೆ ಕೆಳಸ್ತರದ ಬಹಳಷ್ಟು ನೈಜ ಆಟಗಾರರು ಸೇರ್ಪಡೆಯಾಗುವುದಿಲ್ಲ. ಖಾಲಿ ಕುಳಿತ ಆಟಗಾರರ ಮಾರುಕಟ್ಟೆಯೇ ಬರಿದಾಗಿರುತ್ತದೆ. ಗಣಕಯಂತ್ರದ ಸಾಮರ್ಥ್ಯ ಅನುಮತಿಸಿದಷ್ಟು ದೊಡ್ಡ ದತ್ತಾಂಶವನ್ನು, ವಿಶೇಷವಾಗಿ ಆಯ್ದ ದೇಶದಲ್ಲಿ ನೆಲೆಸಿರುವ ಎಲ್ಲ ಆಟಗಾರರನ್ನು, ಸೇರಿಸಿಕೊಳ್ಳುವುದು ಮೇಲು.

ಯುವ ತರಬೇತಿ

ವರ್ಷಕ್ಕೊಮ್ಮೆ ಪ್ರತಿ ಕ್ಲಬ್ಬಿಗೆ ಆಟವೇ ಸೃಷ್ಟಿಸಿದ ಹೊಸ ಕಿರಿಯರ ತಂಡವೊಂದು ಬರುತ್ತದೆ. ಅವರ ಗುಣಮಟ್ಟ ಯುವ ತರಬೇತಿಯ ಸೌಲಭ್ಯ, ಕಿರಿಯರನ್ನು ಗುರುತಿಸುವ ವ್ಯವಸ್ಥೆ ಮತ್ತು ತರಬೇತುದಾರರನ್ನು ಅವಲಂಬಿಸಿದೆ. ಕೆಳಸ್ತರದ ಬಹುತೇಕ ಕ್ಲಬ್‌ಗಳಲ್ಲಿ ಇವೆಲ್ಲ ಕಳಪೆ ದರ್ಜೆಯವು. ಸುಧಾರಿಸಲು ಆಡಳಿತ ಮಂಡಳಿಯನ್ನು ಕೇಳಿಕೊಳ್ಳಬಹುದಾದರೂ ಹಣ ಖರ್ಚಾಗಿ ಫಲ ಕಾಣಲು ವರ್ಷಗಳು ಹಿಡಿಯುತ್ತವೆ. ಎರಡು-ಮೂರು ಋತು ಆಡಿ ನಿಲ್ಲಿಸುವ ಉದ್ದೇಶವಿರುವವರು ಈ ಅಂಶವನ್ನು ನಿರ್ಲಕ್ಷಿಸಬಹುದು. ಇಪ್ಪತ್ತು ಋತುಗಳ ಯೋಜನೆ ಇರುವವರು ಇಲ್ಲಿಂದಲೇ ಹುಡುಕಾಟ ಆರಂಭಿಸಬೇಕು.

ಮ್ಯಾನೇಜರರ ಅರ್ಹತೆ

ಆರಂಭದಲ್ಲಿ ಆಡುವವರು ತಮ್ಮ ಹಿಂದಿನ ಆಟದ ಅನುಭವ ಹಾಗೂ ತರಬೇತಿ ಪ್ರಮಾಣಪತ್ರದ ಮಟ್ಟವನ್ನು ನಿಗದಿಪಡಿಸಬೇಕು. ಅಂತಾರಾಷ್ಟ್ರೀಯ ಆಟಗಾರನೆಂದು ನಮೂದಿಸಿಕೊಂಡು ಆರನೆಯ ಸ್ತರದ ಕ್ಲಬ್ ಸೇರುವುದು ಸಾಧ್ಯ; ಆದರೆ ಭಾನುವಾರದ ಹವ್ಯಾಸಿ ಆಟಗಾರ, ಪ್ರಮಾಣಪತ್ರವೇನೂ ಇಲ್ಲ ಎಂದು ನಮೂದಿಸಿಕೊಂಡಾಗಲೇ ಕೆಳಸ್ತರದ ಆಟಕ್ಕೆ ಅರ್ಥ ಬರುತ್ತದೆ. ಆಟಗಾರರು ಹೊಸ ಮ್ಯಾನೇಜರನ ಮಾತಿಗೆ ಸುಲಭವಾಗಿ ಕಿವಿಗೊಡುವುದಿಲ್ಲ. ತರಬೇತಿ ಶಿಕ್ಷಣದ ವೆಚ್ಚಕ್ಕೂ ಮಂಡಳಿಯ ಮುಂದೆ ಕೈಚಾಚಬೇಕು. ಯಾವ ಕ್ಲಬ್ಬನ್ನೂ ಆರಿಸದೆ ನಿರುದ್ಯೋಗಿಯಾಗಿ ಆರಂಭಿಸಿ, ಖಾಲಿಯಾದ ಹುದ್ದೆಗಳಿಗೆ ಅರ್ಜಿ ಹಾಕುತ್ತ ಕಾಯುವ ವಿಧಾನವೂ ಇದೆ. ಆಗ ಆಯ್ಕೆ ಮಾಡುವವರು ನಾವಲ್ಲ, ಕ್ಲಬ್.

ಆಡಳಿತ ಮಂಡಳಿಯ ನಿರೀಕ್ಷೆಯನ್ನು ಒಪ್ಪಿಕೊಳ್ಳುವ ಮುನ್ನ ಓದಬೇಕು. ಕೆಳಗಿಳಿಯದಿದ್ದರೆ ಸಾಕು ಎನ್ನುವ ಮಂಡಳಿಯ ಕ್ಲಬ್, ಬಡ್ತಿ ಬೇಕೇ ಬೇಕೆನ್ನುವ ಹಣವಂತ ಕ್ಲಬ್ಬಿಗಿಂತ ಹೊಸಬರಿಗೆ ಹೆಚ್ಚು ಅನುಕೂಲ. ಅನೇಕ ಮಾರ್ಗದರ್ಶಿಗಳು ಅತಿ ಹೆಚ್ಚು ಹಣವಿರುವ ಕ್ಲಬ್ಬನ್ನೇ ಶಿಫಾರಸು ಮಾಡುತ್ತವೆ. ನಿರೀಕ್ಷೆ ಮತ್ತು ಸಾಮರ್ಥ್ಯಗಳ ನಡುವಿನ ಅಂತರವನ್ನು ಲೆಕ್ಕಿಸದ ಆ ಸಲಹೆ ಅಷ್ಟೇನೂ ಸಮಂಜಸವಲ್ಲ.

ಕ್ಲಬ್ಬಿನ ಚರಿತ್ರೆ ಎಂಬ ಆಕರ್ಷಣೆ

ಸಂಖ್ಯೆಗಳನ್ನು ಬದಿಗಿಟ್ಟು ಕಥೆಯ ಸಲುವಾಗಿ ಕ್ಲಬ್ಬನ್ನು ಆರಿಸುವವರು ಬಹುಮಂದಿ. ಎಎಫ್‌ಸಿ ವಿಂಬಲ್ಡನ್ ಅಂಥದೊಂದು ಕ್ಲಬ್. 1988ರಲ್ಲಿ ಲಿವರ್‌ಪೂಲನ್ನು 1-0ರಿಂದ ಸೋಲಿಸಿ ಎಫ್‌ಎ ಕಪ್ ಗೆದ್ದಿದ್ದ ಹಳೆಯ ವಿಂಬಲ್ಡನ್ ಕ್ಲಬ್ಬನ್ನು ಮಿಲ್ಟನ್ ಕೇನ್ಸ್ ನಗರಕ್ಕೆ ಸಾಗಿಸಲು 2002ರಲ್ಲಿ ಅನುಮತಿ ದೊರೆತಾಗ, ಅಭಿಮಾನಿಗಳು ತಮ್ಮದೇ ಹೊಸ ಕ್ಲಬ್ ಕಟ್ಟಿದರು. ಒಂಬತ್ತು ಋತುಗಳಲ್ಲಿ ಐದು ಬಡ್ತಿ ಪಡೆದು 2011ರಲ್ಲಿ ಅದು ಫುಟ್‌ಬಾಲ್ ಲೀಗ್ ಪ್ರವೇಶಿಸಿತು; 2020ರಲ್ಲಿ ತನ್ನ ಮೂಲ ಪ್ರದೇಶವಾದ ಪ್ಲೋ ಲೇನ್‌ಗೆ ಮರಳಿತು. ಆಕ್ರಿಂಗ್ಟನ್ ಸ್ಟ್ಯಾನ್ಲಿ 1962ರಲ್ಲಿ ಸಾಲದಿಂದ ಲೀಗನ್ನು ತೊರೆದು, ಮರುಸ್ಥಾಪನೆಗೊಂಡು, 2006ರಲ್ಲಿ ಹಿಂತಿರುಗಿತು. ಗ್ಲಾಸ್ಟರ್‌ಶೈರ್‌ನ ನೇಲ್ಸ್‌ವರ್ತ್ ಎಂಬ ಪುಟ್ಟ ಪಟ್ಟಣದ ಫಾರೆಸ್ಟ್ ಗ್ರೀನ್ ರೋವರ್ಸ್, ಮೈದಾನದಲ್ಲಿ ಸಂಪೂರ್ಣ ಸಸ್ಯಮೂಲದ ಆಹಾರವನ್ನೇ ಬಡಿಸುವುದರಿಂದ ಪ್ರಸಿದ್ಧವಾಗಿದೆ. 2022ರಲ್ಲಿ ಲೀಗ್ ಟೂ ಪ್ರಶಸ್ತಿ ಗೆದ್ದು, ಮುಂದಿನ ಎರಡು ಋತುಗಳಲ್ಲಿ ಸತತ ಹಿಂಬಡ್ತಿ ಹೊಂದಿ ನ್ಯಾಷನಲ್ ಲೀಗಿಗೆ ಮರಳಿತು. ನೂರಾರು ಗಂಟೆ ಒಂದೇ ಕ್ಲಬ್ಬಿನೊಡನೆ ಕಳೆಯುವಾಗ ಅದರ ಊರು, ಬಣ್ಣ, ವೈರಿಗಳು ಯಾರೆಂದು ತಿಳಿದಿರುವುದು ಲೆಕ್ಕಪತ್ರಕ್ಕಿಂತ ಹೆಚ್ಚು ಕಾಲ ಆಸಕ್ತಿಯನ್ನು ಹಿಡಿದಿಡುತ್ತದೆ.

ಇತರ ದೇಶಗಳು

ಸ್ಕಾಟ್ಲೆಂಡಿನಲ್ಲಿ ಕೆಳಗಿನ ಮೂರು ವಿಭಾಗಗಳಲ್ಲಿ ತಲಾ 10 ಕ್ಲಬ್‌ಗಳಷ್ಟೇ ಇರುವುದರಿಂದ ಅವೇ ಎದುರಾಳಿಗಳನ್ನು ಒಂದೇ ಋತುವಿನಲ್ಲಿ ನಾಲ್ಕು ಬಾರಿ ಎದುರಿಸಬೇಕು. ಇದು ಕೆಲವರಿಗೆ ಬೇಸರ ತರಿಸುತ್ತದೆ. ಜರ್ಮನಿಯಲ್ಲಿ ದೊಡ್ಡ ಕ್ಲಬ್‌ಗಳ ಎರಡನೆಯ ತಂಡಗಳೂ ಕೆಳಸ್ತರದಲ್ಲಿ ಆಡುತ್ತವೆ, ಆದರೆ ಮೂರನೆಯ ಸ್ತರದಿಂದ ಮೇಲೇರುವಂತಿಲ್ಲ. 2020ರಲ್ಲಿ ಬಾಯರ್ನ್ ಮ್ಯೂನಿಕ್‌ನ ಎರಡನೆಯ ತಂಡ ಮೂರನೆಯ ಲೀಗನ್ನು ಗೆದ್ದರೂ ಅಲ್ಲಿಯೇ ಉಳಿಯಿತು.

ಭಾರತದ ಲೀಗ್‌ಗಳೂ ಈ ಸರಣಿಯ ಹಲವು ಆವೃತ್ತಿಗಳಲ್ಲಿ ಲಭ್ಯವಿವೆ. 2013ರಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್‌ಸಿ ಮೊದಲ ಋತುವಿನಲ್ಲಿಯೇ ಐ-ಲೀಗ್ ಗೆದ್ದು, 2017ರಲ್ಲಿ ಇಂಡಿಯನ್ ಸೂಪರ್ ಲೀಗಿಗೆ ಸೇರಿ, 2018-19ರಲ್ಲಿ ಅದನ್ನೂ ಗೆದ್ದಿತು. ಕನ್ನಡಿಗರು ಸಹಜವಾಗಿ ಈ ಕ್ಲಬ್ಬಿನತ್ತ ಒಲಿಯುತ್ತಾರಾದರೂ ಅದು ಕೆಳಸ್ತರದ್ದಲ್ಲ. ಸೂಪರ್ ಲೀಗ್ ಬಹುಕಾಲ ಬಡ್ತಿ-ಹಿಂಬಡ್ತಿಗಳಿಲ್ಲದ ಮುಚ್ಚಿದ ಕೂಟವಾಗಿತ್ತು. ಐ-ಲೀಗ್ ಗೆದ್ದು ಅದಕ್ಕೆ ಬಡ್ತಿ ಪಡೆದ ಮೊದಲ ಕ್ಲಬ್ ಪಂಜಾಬ್ ಎಫ್‌ಸಿ, 2023ರಲ್ಲಿ.

ವಾಸ್ತವ ಫುಟ್‌ಬಾಲಿನಲ್ಲಿ

ಆಟದಲ್ಲಿ ನಡೆಯುವ ಏರಿಕೆಗಳು ನಂಬಲಸಾಧ್ಯವೆಂಬ ಆಕ್ಷೇಪಣೆಯುಂಟು. ಜೇಮಿ ವಾರ್ಡಿ ಅರೆವೃತ್ತಿಪರ ಕ್ಲಬ್ಬಾದ ಸ್ಟಾಕ್ಸ್‌ಬ್ರಿಜ್ ಪಾರ್ಕ್ ಸ್ಟೀಲ್ಸ್‌ನಲ್ಲಿ ಆಡುತ್ತಿದ್ದವರು. 2012ರಲ್ಲಿ ಫ್ಲೀಟ್‌ವುಡ್ ಟೌನ್‌ನಿಂದ ಲೆಸ್ಟರ್ ಸಿಟಿಗೆ ಹತ್ತು ಲಕ್ಷ ಪೌಂಡ್‌ಗೆ ಬಂದು, 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದ ತಂಡದ ಮುಖ್ಯ ಗೋಲುಗಾರರಾದರು.

ಮ್ಯಾನೇಜರರ ಪೈಕಿ ಡ್ಯಾನಿ ಕೌಲಿ ಅವರ ಉದಾಹರಣೆ ಹೆಚ್ಚು ಪ್ರಸ್ತುತ. ಅವರು ಎಸೆಕ್ಸ್‌ನಲ್ಲಿ ದೈಹಿಕ ಶಿಕ್ಷಣದ ಶಿಕ್ಷಕರಾಗಿದ್ದು, ಶಾಲೆ ಮುಗಿದ ಮೇಲೆ ಕಾನ್ಕಾರ್ಡ್ ರೇಂಜರ್ಸ್, ಅನಂತರ ಬ್ರೇನ್‌ಟ್ರೀ ಟೌನ್ ಕ್ಲಬ್‌ಗಳನ್ನು ನೋಡಿಕೊಳ್ಳುತ್ತಿದ್ದರು. ತಮ್ಮ ನಿಕಿ ಕೌಲಿ ಅವರ ಸಹಾಯಕ. 2016ರಲ್ಲಿ ಲಿಂಕನ್ ಸಿಟಿಗೆ ಬಂದ ಮೇಲೆಯೇ ಅವರು ಶಾಲೆಯನ್ನು ಬಿಟ್ಟದ್ದು. 2016-17ರಲ್ಲಿ ಐದನೆಯ ಸ್ತರದ ಲಿಂಕನ್, ಪ್ರೀಮಿಯರ್ ಲೀಗಿನ ಬರ್ನ್ಲಿಯನ್ನು ಅದರ ಮೈದಾನದಲ್ಲಿಯೇ 1-0ರಿಂದ ಸೋಲಿಸಿ ಎಫ್‌ಎ ಕಪ್‌ನ ಎಂಟರ ಘಟ್ಟ ತಲುಪಿತು. ನಾನ್-ಲೀಗ್ ಕ್ಲಬ್ಬೊಂದು ಅಲ್ಲಿಗೆ ತಲುಪಿದ್ದು 103 ವರ್ಷಗಳ ನಂತರ. ಆರ್ಸೆನಲ್ ಎದುರು 0-5ರಿಂದ ಸೋತ ಮೇಲೆ ಲೀಗಿಗೆ ಹಿಂತಿರುಗಿ, ಅದೇ ಋತುವಿನಲ್ಲಿ ನ್ಯಾಷನಲ್ ಲೀಗ್ ಪ್ರಶಸ್ತಿಯನ್ನೂ ಲೀಗ್ ಟೂಗೆ ಬಡ್ತಿಯನ್ನೂ ಗಳಿಸಿತು.